ಮುಳುಗಿದ ಸಾಲ ಮತ್ತು ಬ್ರಿಟನ್ನಿನ ತೆರಿಗೆ

ಗೆಳೆಯನ ಹೋಟೆಲಿಗೋ ಭಾವನ ಕಂಪನಿಗೋ ಕೈಸಾಲ ಕೊಟ್ಟಿರುತ್ತೇವೆ. ವ್ಯಾಪಾರ ನೆಲಕಚ್ಚಿದಾಗ ‘ಹೋಗ್ಲಿ ಬಿಡು, ಕೊಡೋದೇನೂ ಬೇಡ’ ಎಂದುಬಿಡುತ್ತೇವೆ. ದೊಡ್ಡ ಮನಸ್ಸೇ ಸರಿ. ಆದರೆ ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುವವರು ಈ ಮಾತನ್ನು ಬರೆದು ಕಳಿಸುವ ಮೊದಲು ಅಲ್ಲಿನ 1992ರ ಬಂಡವಾಳ ಲಾಭ ತೆರಿಗೆ ಕಾಯ್ದೆಯ 253ನೇ ಸೆಕ್ಷನ್ ನೋಡಿಕೊಳ್ಳುವುದು ಒಳ್ಳೆಯದು.

ವ್ಯಾಪಾರಕ್ಕೆಂದು ಕೊಟ್ಟ ಸಾಲ ವಸೂಲಾಗದೆ ಹೋದರೆ, ಆ ಅಸಲನ್ನು ಬಂಡವಾಳ ನಷ್ಟವೆಂದು ತೋರಿಸಲು ಈ ಸೆಕ್ಷನ್ ಅವಕಾಶ ಕೊಡುತ್ತದೆ. ಬಾಕಿ ಬಡ್ಡಿ ಇದರಲ್ಲಿ ಸೇರದು. ಸಂಬಳದ ಮೇಲಿನ ತೆರಿಗೆಯೂ ಇದರಿಂದ ಇಳಿಯದು. ಮನೆ, ಷೇರು ಮಾರಿ ಬಂದ ಲಾಭದಲ್ಲಷ್ಟೇ ಕಳೆಯಬಹುದು. 24% ದರದಲ್ಲಿ ತೆರಿಗೆ ಕಟ್ಟಬೇಕಾದವರಿಗೆ 20,000 ಪೌಂಡ್ ನಷ್ಟದಿಂದ 4,800 ಪೌಂಡ್ ಉಳಿಯುತ್ತದೆ. ಈ ವರ್ಷ ಲಾಭವೇ ಇಲ್ಲದಿದ್ದರೆ ನಷ್ಟವನ್ನು ಮುಂದಿನ ವರ್ಷಗಳಿಗೆ ಒಯ್ಯಬಹುದು.

ಹಣ ಪೂರ್ತಿಯಾಗಿ ವ್ಯಾಪಾರಕ್ಕೇ ಬಳಕೆಯಾಗಿರಬೇಕು, ಆ ವ್ಯಾಪಾರ ಲೇವಾದೇವಿಯದ್ದಾಗಿರಬಾರದು. ಗಂಡ ಹೆಂಡತಿಗೆ, ಹೆಂಡತಿ ಗಂಡನಿಗೆ ಕೊಟ್ಟ ಸಾಲ ಲೆಕ್ಕಕ್ಕಿಲ್ಲ. ಮೊದಲು ಸಾಲಗಾರ ಬ್ರಿಟನ್ನಿನ ನಿವಾಸಿಯೇ ಆಗಿರಬೇಕಿತ್ತು. 2019ರ ಜನವರಿ 24ರಿಂದೀಚೆಗೆ ಕೊಟ್ಟ ಸಾಲಗಳಿಗೆ ಆ ಕಟ್ಟು ಇಲ್ಲ. ಹಾಗಾಗಿ ಲಂಡನ್ನಿನ ಕನ್ನಡಿಗರೊಬ್ಬರು ಬೆಂಗಳೂರಿನ ತಮ್ಮನ ವರ್ಕ್‌ಶಾಪಿಗೆ ಕೊಟ್ಟ ಹಣಕ್ಕೂ ಈಗ ದಾರಿಯಿದೆ.

ಹೆಚ್ಚಿನ ಕ್ಲೇಮುಗಳು ಎಡವುವುದು ‘ವಸೂಲಾಗದು’ ಎಂದು ತೋರಿಸುವಲ್ಲಿ. ಕೊಡುವಾಗಲೇ ಮರಳುವ ಭರವಸೆ ಇರದಿದ್ದ ಹಣವನ್ನು ತೆರಿಗೆ ಇಲಾಖೆ ಒಪ್ಪುವುದಿಲ್ಲ. ಕೊಟ್ಟ ಮೇಲೆ ಅದು ಕೆಟ್ಟಿರಬೇಕು. ಸಾಲಗಾರ ನಷ್ಟದಲ್ಲಾದರೂ ಅಂಗಡಿ ತೆರೆದು ಕೂತಿದ್ದರೆ ‘ಇನ್ನೂ ಬರಬಹುದಲ್ಲ’ ಎಂಬ ಪ್ರಶ್ನೆ ಏಳುತ್ತದೆ. ಇನ್ನು ನೀವೇ ಸಾಲ ಮನ್ನಾ ಮಾಡಿದಿರೋ, ವಸೂಲಿಯ ಹಕ್ಕನ್ನು ಬೇರೆಯವರಿಗೆ ಬರೆದುಕೊಟ್ಟಿರೋ, ಪರಿಹಾರ ಕೈತಪ್ಪುತ್ತದೆ. ಸಾಲ ಮುಳುಗಿದ್ದು ನಿಮ್ಮ ಕೃತ್ಯದಿಂದ ಅಥವಾ ಉಪೇಕ್ಷೆಯಿಂದ ಆಗಿರಬಾರದೆಂಬುದು ಕಾಯ್ದೆಯ ಷರತ್ತು. ಬಂಧುವಿನ ಮೇಲೆ ನೋಟಿಸು ಕಳಿಸಲು ಮುಜುಗರವಾದರೂ, ಹಣ ಕೇಳಿದ ಒಂದು ಕಾಗದವಾದರೂ ಕೈಲಿರಲಿ. ಜೊತೆಗೆ ಸಾಲಪತ್ರ, ಹಣ ಹೋದ ಬ್ಯಾಂಕ್ ದಾಖಲೆ, ಕಂಪನಿ ದಿವಾಳಿಯಾಗಿದ್ದರೆ ಲಿಕ್ವಿಡೇಟರ್ ಬರೆದ ಪತ್ರ.

ನಷ್ಟ ತಾನಾಗಿ ಲೆಕ್ಕಕ್ಕೆ ಬರುವುದಿಲ್ಲ, ಕ್ಲೇಮು ಹಾಕಲೇಬೇಕು. ಸೆಲ್ಫ್ ಅಸೆಸ್‌ಮೆಂಟ್ ರಿಟರ್ನಿನ ಬಂಡವಾಳ ಲಾಭದ ಪುಟಗಳಲ್ಲಿ ಅದನ್ನು ತೋರಿಸಬಹುದು. ಸಾಮಾನ್ಯವಾಗಿ ಕ್ಲೇಮು ಹಾಕಿದ ದಿನವೇ ನಷ್ಟವಾಯಿತೆಂದು ಎಣಿಸುತ್ತಾರೆ. ಆಗಲೇ ಸಾಲ ಮುಳುಗಿತ್ತೆಂದು ತೋರಿಸಿದರೆ ಹಿಂದಿನ ದಿನಾಂಕವನ್ನೂ ಕೇಳಬಹುದು, ಆದರೆ ಕ್ಲೇಮು ಹಾಕಿದ ತೆರಿಗೆ ವರ್ಷ ಶುರುವಾಗುವುದಕ್ಕೆ ಎರಡು ವರ್ಷದ ಹಿಂದಿನವರೆಗೆ ಮಾತ್ರ. 2025–26ರಲ್ಲಿ ಕ್ಲೇಮು ಹಾಕಿದವರು 2023ರ ಏಪ್ರಿಲ್ 6ಕ್ಕಿಂತ ಹಿಂದೆ ಹೋಗುವಂತಿಲ್ಲ. ಮನೆ ಮಾರಿದ ವರ್ಷಕ್ಕೂ ನಷ್ಟದ ವರ್ಷಕ್ಕೂ ಹೊಂದಿಕೆಯಾಗಬೇಕಾದವರಿಗೆ ಈ ದಿನಾಂಕ ದೊಡ್ಡದು.

ಸಾಲಕ್ಕೆ ಜಾಮೀನು ನಿಂತು ಕೈಯಿಂದ ಕಟ್ಟಿದವರಿಗೂ ಇಂಥದೇ ಪರಿಹಾರ ಉಂಟು. ಕಟ್ಟಿದ ತೆರಿಗೆ ವರ್ಷ ಮುಗಿದ ನಾಲ್ಕು ವರ್ಷದೊಳಗೆ ಕೇಳಬೇಕು. ಪರಿಹಾರ ಪಡೆದ ಮೇಲೆ ಹಣ ವಾಪಸು ಬಂದರೆ, ಬಂದಷ್ಟಕ್ಕೂ ಆ ವರ್ಷದ ಲಾಭವೆಂದು ಲೆಕ್ಕ ಕೊಡಬೇಕು.