ನಸುಕಿನಲ್ಲಿ ದೂರದ ರೇಡಿಯೋ ಯಾಕೆ ಕೇಳುತ್ತದೆ?



ಕನ್ನಡ ಕೇಳಬೇಕೆಂದು ನೀವು ಎಫ್.ಎಂ. ಹಚ್ಚುತ್ತೀರಿ. ವಿಜಯಪುರ ಆಕಾಶವಾಣಿಯ 101.8 ಹುಡುಕುತ್ತೀರಿ. ಒಂದು ದಿನ ಸ್ವಚ್ಛ ಬರುತ್ತದೆ. ಒಂದು ದಿನ ಬರೀ ಗರಗರ. ಚಳಿಗಾಲದ ನಸುಕಿನಲ್ಲಿ ಒಮ್ಮೊಮ್ಮೆ ಎಂದೂ ಕೇಳದ ದೂರದ ಸ್ಟೇಷನ್ ನಡುವೆ ಬಂದು ಮಾತಾಡುತ್ತದೆ. ಬಿಸಿಲು ಏರಿತೋ, ಅದು ಮಾಯ! ರೇಡಿಯೋ ಕೆಟ್ಟಿತು ಅಂತ ಕೂಡಲೇ ಜತ್ತಕ್ಕೆ ಒಯ್ದು ರೊಕ್ಕ ಕೊಡಬೇಡಿ. ಮೊದಲು ಹವಾ ನೋಡಿ.

ಎಫ್.ಎಂ. ಅಲೆ ಹೆಚ್ಚುಕಡಿಮೆ ನೆಟ್ಟಗೆ ಹೋಗುತ್ತದೆ. ಭೂಮಿ ದುಂಡಗಿದೆ. ಹಾಗಾಗಿ ದೂರ ಹೋದಂತೆ ಅಲೆ ನಮ್ಮ ತಲೆಯ ಮೇಲಿಂದ ಆಕಾಶಕ್ಕೆ ಹೋಗಿಬಿಡುತ್ತದೆ. ಹಿರಿಯರು 765ರ ಮೇಲೆ ಕೇಳುತ್ತಿದ್ದ ಧಾರವಾಡದ ಅಲೆ ಬೇರೆ. ಅದು ನೆಲ ಹಿಡಿದು ಬಹಳ ದೂರ ಹೋಗುವಂಥದ್ದು.

ಮಧ್ಯಾಹ್ನ ಡಾಂಬರು ರಸ್ತೆಯ ಮೇಲೆ ನೀರು ನಿಂತಂತೆ ಕಾಣುತ್ತದಲ್ಲ? ಅದು ಬಿಸಿಲುಗುದುರೆ. ಕೆಳಗೆ ಬಿಸಿಗಾಳಿ, ಮೇಲೆ ತಂಪುಗಾಳಿ ಇದ್ದಾಗ ಬೆಳಕು ಮೇಲಕ್ಕೆ ಬಾಗುತ್ತದೆ. ನಸುಕಿನಲ್ಲಿ ಇದರ ಉಲ್ಟಾ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ನೆಲ ಬೇಗ ಆರುತ್ತದೆ. ನೆಲಕ್ಕೆ ಹತ್ತಿದ ಗಾಳಿ ತಣ್ಣಗಾಗುತ್ತದೆ. ಅದರ ಮೇಲಿನ ಗಾಳಿ ಬೆಚ್ಚಗೇ ಉಳಿಯುತ್ತದೆ. ಆಗ ರೇಡಿಯೋ ಅಲೆ ಕೆಳಕ್ಕೆ ಬಾಗುತ್ತದೆ. ಆಕಾಶಕ್ಕೆ ಹೋಗಬೇಕಾದ ಅಲೆ ನೆಲದ ಗುಂಟ ನಡೆದು ನಿಮ್ಮ ಮನೆಗೆ ಬರುತ್ತದೆ. ಎರಡು ಸ್ಟೇಷನ್‌ಗಳ ನಂಬರು ಒಂದೇ ಆಗಿದ್ದರೆ ಜಗಳ ಹತ್ತುತ್ತದೆ, ಎರಡೂ ಸರಿಯಾಗಿ ಕೇಳುವುದಿಲ್ಲ. ಬಿಸಿಲಿಗೆ ನೆಲ ಕಾದು ಗಾಳಿ ಕಲಸಿಹೋದರೆ ಈ ದಾರಿ ಮುರಿಯುತ್ತದೆ.

ಇದನ್ನು ಗುರುತಿಸಲು ಯಾವ ಯಂತ್ರವೂ ಬೇಡ. ಒಲೆಯ ಹೊಗೆ ಮೇಲೆ ಏರದೆ ಊರ ಮೇಲೆ ಚಾದರದಂಗ ಹಾಸಿತ್ತೋ? ಹಾಗಾದರೆ ಮೇಲೆ ಬೆಚ್ಚನೆ ಗಾಳಿಯ ಪದರ ಕೂತಿದೆ ಅಂತ ತಿಳಿಯಿರಿ.

ಮಳೆ ಬಂದರೆ ಟಿವಿಯ ಡಿಶ್ ನಿಲ್ಲುತ್ತದೆ, ಎಫ್.ಎಂ. ನಿಲ್ಲುವುದಿಲ್ಲ. ಡಿಶ್‌ನ ಅಲೆ ಎರಡು-ಮೂರು ಸೆಂಟಿಮೀಟರ್ ಉದ್ದ. ಅದನ್ನು ಮಳೆಹನಿ ತಡೆಯುತ್ತದೆ. ಎಫ್.ಎಂ. ಅಲೆ ಸುಮಾರು 3 ಮೀಟರ್ ಉದ್ದ. ಅದಕ್ಕೆ ಹನಿ ಯಾವ ಲೆಕ್ಕ!

ಆವಾಜು ಕಡಿಮೆ ಇದ್ದರೆ ರೇಡಿಯೋವನ್ನು ಎತ್ತರದಲ್ಲಿ, ಕಿಟಕಿಯ ಹತ್ತಿರ ಇಡಿ. ಸುಮಾರು 75 ಸೆಂಟಿಮೀಟರ್ ತಂತಿ ಸಾಕು. ಮೊಬೈಲಿನಲ್ಲಾದರೆ ಕಿವಿಗೆ ಹಾಕುವ ವಾಯರೇ ಆ್ಯಂಟೆನಾ. ಅದನ್ನು ಸುತ್ತಿ ಇಡಬೇಡಿ, ಚಾಚಿ ಬಿಡಿ. ಸಿಡಿಲು ಇದ್ದಾಗ ಮಾತ್ರ ಮಾಳಿಗೆಗೆ ಕಟ್ಟಿದ ತಂತಿ ಮುಟ್ಟಲೇಬಾರದು.

ಮಾಡಿ ನೋಡಿ: ಚಳಿ ಬಿದ್ದ ದಿನ ನಸುಕಿನಲ್ಲಿ 6 ಗಂಟೆಗೆ ಒಮ್ಮೆ, 11 ಗಂಟೆಗೆ ಒಮ್ಮೆ ರೇಡಿಯೋ ಹಚ್ಚಿ. ಯಾವ ಯಾವ ನಂಬರಿಗೆ ಏನು ಕೇಳಿತು? ಹೊಗೆ ಹ್ಯಾಂಗ ಇತ್ತು? ಪಾಟಿಯ ಮೇಲೆ ಬರೆಯಿರಿ.