ದೇವದುರ್ಗದ ಮಾಳಿಗೆ ಮನೆ: ಕಂಬ-ತೊಲೆಗಳಿಂದ ಒಂದು ಪಾಠ

ಅಡಿಕೆ-ಕಾಫಿ ತೋಟಗಳ ನಡುವೆ ಹೆಂಚಿನ ಮನೆಯಲ್ಲಿ ವಾಸಿಸುವ ನಮಗೆ ರಾಯಚೂರು ಜಿಲ್ಲೆಯ ದೇವದುರ್ಗದ ಮಾಳಿಗೆ ಮನೆಯಿಂದ ಏನು ಪ್ರಯೋಜನವೆಂದು ಸದಸ್ಯರು ಕೇಳಬಹುದು. ನೋಟಕ್ಕೆ ಎರಡೂ ಬೇರೆ. ಆದರೆ ಹಳೆಯ ಕಾಲದ ಮನೆ ಎಲ್ಲಿಯದಾದರೂ ಭಾರ ಹೊರುವುದು ಬಹುಮಟ್ಟಿಗೆ ಮರದ ಚೌಕಟ್ಟೇ. ಅದು ಕೆಡುವ ಬಗೆಯೂ ಒಂದೇ.

ಮಾಳಿಗೆ ಮನೆಯ ರಚನೆ ಹೀಗಿರುತ್ತದೆ. ಕಲ್ಲಿನ ಪೀಠದ ಮೇಲೆ ಕಂಬ, ಕಂಬದ ತಲೆಗೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಒತ್ತೊತ್ತಾಗಿ ಜಂತಿ. ಜಂತಿಯ ಮೇಲೆ ಹಲಗೆ ಇಲ್ಲವೆ ಕಟ್ಟಿಗೆ ಹಾಸಿ, ಎಲ್ಲಕ್ಕೂ ಮೇಲೆ ಮಣ್ಣು. ಬೆಳಕಿಗೆ ಮಾಳಿಗೆಯಲ್ಲೇ ಬೆಳಕಿಂಡಿ. ಮೇಲಿನ ಪದರಕ್ಕೆ ಸವುಳು ಮಣ್ಣನ್ನು ಆರಿಸುವುದರಲ್ಲಿ ಜಾಣ್ಮೆಯಿದೆ: ನೀರು ತಾಗಿದೊಡನೆ ಅದು ಉಬ್ಬಿ ಸಂದುಗಳನ್ನು ಮುಚ್ಚುತ್ತದೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು ಇರುವ ಸೀಮೆಗೆ ಇದು ಒಪ್ಪುವ ಛಾವಣಿ.

ಇನ್ನು ಭಾರದ ಲೆಕ್ಕ. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಯ ಮೇಲೆ ಒಂದಡಿ ಮಣ್ಣಿದ್ದರೆ ಅದು 100 ಘನ ಅಡಿ. ಒಣಗಿದ್ದಾಗಲೇ ತೂಕ ಸುಮಾರು ನಾಲ್ಕೂವರೆ ಟನ್. ನೆನೆದರೆ ಇನ್ನೂ ಹೆಚ್ಚು. ಹಳೆಯ ಪದರ ತೆಗೆಯದೆ ವರ್ಷವರ್ಷವೂ ಹೊಸ ಮಣ್ಣು ಹೇರುತ್ತ ಹೋದರೆ ಜಂತಿಗೆ ತಾಳಲಾಗದು. 2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಮೊದಲಲ್ಲಿ ಸುರಿದ ಮಳೆಗೆ ರಾಯಚೂರು ಸಹಿತ ಉತ್ತರ ಕರ್ನಾಟಕದಲ್ಲಿ ಸಾವಿರಾರು ಮಣ್ಣಿನ ಮನೆಗಳು ಕುಸಿದವು, ಜೀವಗಳೂ ಹೋದವು.

ನಮ್ಮ ಕಡೆ ಹಿಂದೆ ಹುಲ್ಲು, ಸೋಗೆಯ ಮಾಡುಗಳೇ ಹೆಚ್ಚು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಆರಂಭವಾದ ಮೇಲೆ ಕ್ರಮೇಣ ಹೆಂಚು ಬಂದಿತು. ಹೆಂಚು ಮಣ್ಣಿಗಿಂತ ಎಷ್ಟೋ ಹಗುರ. ಆದ್ದರಿಂದ ನಮ್ಮ ಶತ್ರು ಭಾರಕ್ಕಿಂತ ಹೆಚ್ಚಾಗಿ ತೇವ ಮತ್ತು ಗೆದ್ದಲು. ಒಂದು ಹೆಂಚು ಒಡೆದರೆ ಕೆಳಗಿನ ಪಕಾಸಿ ನೆನೆಯುತ್ತದೆ. ಅಲ್ಲಿಂದ ನೀರು ತೊಲೆಯ ತುದಿಗೆ ಇಳಿಯುತ್ತದೆ.

ಆದುದರಿಂದ ಮುಂಗಾರಿಗೆ ಮೊದಲು ಈ ಕೆಳಗಿನವನ್ನು ಪರೀಕ್ಷಿಸತಕ್ಕದ್ದು:

1. ಕಂಬದ ಬುಡ ಮತ್ತು ಗೋಡೆಯೊಳಗೆ ಹೊಕ್ಕ ತೊಲೆಯ ತುದಿಯನ್ನು ಸುತ್ತಿಗೆಯಿಂದ ತಟ್ಟಿರಿ. ಟೊಳ್ಳು ಸದ್ದು ಬಂದರೆ ದಬ್ಬಳದಿಂದ ಚುಚ್ಚಿ ನೋಡಿರಿ.
2. ಕಂಬದ ಬುಡಕ್ಕೆ ಸಿಮೆಂಟು ಮೆತ್ತಬೇಡಿರಿ. ತೇವ ಒಳಗೇ ಉಳಿದು ಮರ ಕೊಳೆಯುತ್ತದೆ.
3. ಗೋಡೆಗೆ ತಾಗಿಸಿ ಸೌದೆ, ಅಡಿಕೆ ಸಿಪ್ಪೆ ರಾಶಿ ಹಾಕಬೇಡಿರಿ. ಗೆದ್ದಲಿಗೆ ಅದೇ ದಾರಿ.
4. ಬುಡ ಮಾತ್ರ ಕೊಳೆತಿದ್ದರೆ ಇಡೀ ಕಂಬ ಕೀಳಬೇಕಾಗಿಲ್ಲ. ಮೊದಲು ತೊಲೆಗೆ ಊರೆಗೋಲು ಕೊಟ್ಟು, ಕೆಟ್ಟ ಭಾಗ ಕೊಯ್ದು, ನುರಿತ ಬಡಗಿಯಿಂದ ಗಟ್ಟಿ ಮರದ ತುಂಡು ಬೆಸೆಸಿರಿ.

ಹಿರಿಯರು ಹಾಕಿದಂಥ ಹಲಸು, ತೇಗದ ತೊಲೆಗಳು ಇಂದು ಸಣ್ಣ ಬೆಳೆಗಾರನ ಕೈಗೆ ಎಟಕುವಂಥವಲ್ಲ. ಇರುವ ಮರವನ್ನು ಒಣಗಿಸಿಟ್ಟುಕೊಳ್ಳುವುದೇ ನಮ್ಮಿಂದಾಗುವ ಉಳಿತಾಯ. ದೇವದುರ್ಗದವರು ಮಳೆಗೆ ಮುಂಚೆ ಮಾಳಿಗೆ ಹತ್ತುವಂತೆ, ನಾವೂ ವರ್ಷಕ್ಕೊಮ್ಮೆ ಏಣಿ ಇಟ್ಟು ಅಟ್ಟ ಹತ್ತೋಣ.