ಲೆಕ್ಕದ ಸಂಖ್ಯೆ ಪರದೆಯ ಮೇಲೆ ಅಕ್ಷರವಾಗುವುದು ಹೇಗೆ?

ಹಾಲಿನ ಡೈರಿಯಲ್ಲಿ ಕ್ಯಾನ್ ಇಟ್ಟ ಕೂಡಲೇ ಯಂತ್ರದ ಮೇಲೆ ಅಂಕಿ ಮೂಡುತ್ತದಲ್ಲವೇ? ಆ ಅಂಕಿ ಯಂತ್ರದ ಒಳಗೂ ಹಾಗೇ ಇರುತ್ತೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಿಲ್ಲ. ಒಳಗೆ ಇರುವುದು 0 ಮತ್ತು 1 ಮಾತ್ರ. 205 ಎಂಬ ಸಂಖ್ಯೆ ಅಲ್ಲಿ 11001101 ಆಗಿರುತ್ತದೆ. (128, 64, 8, 4, 1 ಕೂಡಿ ನೋಡಿ.) ಇದನ್ನೇ ತೋರಿಸಿದರೆ ಯಾರಿಗೆ ಅರ್ಥ ಆಗುತ್ತೆ? ಆದ್ದರಿಂದ ಪ್ರೋಗ್ರಾಂ ಅದನ್ನು 2, 0, 5 ಎಂಬ ಮೂರು ಅಕ್ಷರಗಳಾಗಿ ಬಿಡಿಸಿ ಸಾಲಾಗಿ ಪೋಣಿಸಬೇಕು. ಈ ಸಾಲಿಗೆ ಸ್ಟ್ರಿಂಗ್ ಎನ್ನುತ್ತಾರೆ. ಸ್ಟ್ರಿಂಗ್ ಅಂದರೆ ದಾರ. ಕನಕಾಂಬರ ಕಟ್ಟಿದ ಹಾಗೆ.

ಬಿಡಿಸುವುದು ನಾವು ಕಲಿತ ಭಾಗಾಕಾರವೇ. 205ನ್ನು 10ರಿಂದ ಭಾಗಿಸಿ: ಭಾಗಲಬ್ಧ 20, ಶೇಷ 5. 20ನ್ನು ಭಾಗಿಸಿ: ಭಾಗಲಬ್ಧ 2, ಶೇಷ 0. 2ನ್ನು ಭಾಗಿಸಿ: ಭಾಗಲಬ್ಧ 0, ಶೇಷ 2. ಭಾಗಲಬ್ಧ 0 ಬಂದರೆ ನಿಲ್ಲಿಸಬೇಕು. ಶೇಷಗಳು 5, 0, 2 ಅಂತ ತಿರುಗಾಮುರುಗಾ ಬಂದಿವೆ, ಹಿಂದಿನಿಂದ ಬರೆದರೆ 205. ಇನ್ನೊಂದು ಕೆಲಸ ಉಂಟು. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಕ್ರಮಸಂಖ್ಯೆ ಇದೆ. 0 ಎಂಬ ಅಕ್ಷರದ್ದು 48, 9ರದ್ದು 57. ಆದ್ದರಿಂದ ಪ್ರತಿ ಶೇಷಕ್ಕೂ 48 ಕೂಡಿಸಬೇಕು: 50, 48, 53.

ಅಕ್ಷರವಾದ ಮೇಲೆ ಅದು ಲೆಕ್ಕಕ್ಕೆ ಬರುವುದಿಲ್ಲ. ಕೋಲಾರದ ಮಂಡಿಗೆ 12 ಬಾಕ್ಸ್ ಟೊಮೆಟೊ, ಆಮೇಲೆ 7 ಬಾಕ್ಸ್ ಹೋಯಿತು ಅನ್ನಿ. ಸಂಖ್ಯೆಗಳಾಗಿದ್ದರೆ ಕೂಡಿದಾಗ 19. ಸ್ಟ್ರಿಂಗ್ ಆಗಿದ್ದರೆ ಒಂದರ ಪಕ್ಕ ಒಂದು ಅಂಟಿ 127! ಮೊದಲು ಕೂಡಬೇಕು, ಆಮೇಲೆ ಅಕ್ಷರ ಮಾಡಬೇಕು. ಕೆಲವು ಅಂಕಿಗಳು ಮಾತ್ರ ಮೊದಲಿನಿಂದಲೂ ಅಕ್ಷರವಾಗಿಯೇ ಇರಬೇಕು. ನಮ್ಮ ಕೋಲಾರದ ಗಾಡಿಗಳ ಕೆಎ 07ನ್ನು ಸಂಖ್ಯೆ ಎಂದು ಇಟ್ಟರೆ ಸೊನ್ನೆ ಹೋಗಿ ಬರೀ 7 ಉಳಿಯುತ್ತೆ. ಮಾಲೂರಿನ ಪಿನ್‌ಕೋಡ್ 563130, ಶ್ರೀನಿವಾಸಪುರದ್ದು 563135. ಇವೆರಡನ್ನೂ ಯಾರಾದರೂ ಕೂಡುತ್ತಾರಾ?

ಈ ಸೊನ್ನೆಯ ವಿಷಯ ಚಿಕ್ಕದಲ್ಲ. ಯಂತ್ರ ಹಾಲನ್ನು 4050 ಮಿಲಿಲೀಟರ್ ಎಂದು ಇಟ್ಟುಕೊಂಡಿದೆ ಅನ್ನಿ. ಲೀಟರಿನಲ್ಲಿ ತೋರಿಸಲು 1000ದಿಂದ ಭಾಗಿಸಿದರೆ 4, ಶೇಷ 50. ಬರೆದವರು ಅವಸರದಲ್ಲಿ 4, ಚುಕ್ಕೆ, 50 ಅಂತ ಅಂಟಿಸಿಬಿಟ್ಟರೆ ಚೀಟಿಯಲ್ಲಿ 4.50 ಬರುತ್ತೆ. ಅಂದರೆ ನಾಲ್ಕೂವರೆ ಲೀಟರ್! ಸರಿಯಾದದ್ದು 4.050. ಚುಕ್ಕೆಯ ನಂತರ ಮೂರು ಸ್ಥಾನ ತುಂಬುವವರೆಗೆ ಶೇಷದ ಮುಂದೆ ಸೊನ್ನೆ ಸೇರಿಸಬೇಕು. ಒಳಗಿನ ಲೆಕ್ಕ ಸರಿಯಾಗೇ ಇದೆ, ದುಡ್ಡೂ ಸರಿಯಾಗೇ ಬರುತ್ತೆ. ಆದರೆ ಹಾಲು ಹಾಕಿದ ಅಜ್ಜಿಯ ಕೈಯಲ್ಲಿರುವುದು ಚೀಟಿ. 450 ಮಿ.ಲೀ. ದುಡ್ಡು ಎಲ್ಲಿ ಅಂತ ಅವರು ಕೇಳಿದರೆ ಅವರದ್ದೇನು ತಪ್ಪು? ಪಾಪ, ಬೈಸಿಕೊಳ್ಳುವವರು ಹಾಲು ಅಳೆಯುವವರು.

ಕನ್ನಡ ಅಂಕಿಯಲ್ಲಿ ಚೀಟಿ ಕೊಡುವುದೂ ಕಷ್ಟವಲ್ಲ. ಯೂನಿಕೋಡ್ ಪಟ್ಟಿಯಲ್ಲಿ ಕನ್ನಡದ ೦ 3302ನೆಯ ಸಂಖ್ಯೆಯಲ್ಲಿದೆ, ೯ 3311ರಲ್ಲಿ. 48ರ ಬದಲು 3302 ಕೂಡಿಸಿದರೆ 205 ಎಂಬುದು ೨೦೫ ಆಗುತ್ತೆ. ಭಾಗಾಕಾರ ಅದೇ.

ಬಿಡಿಸಿ ನೋಡಿ: ಮುಳಬಾಗಿಲಿನ ಪಿನ್‌ಕೋಡ್ 563131. ಇದನ್ನು ಕನ್ನಡ ಅಂಕಿಯಲ್ಲಿ ತೋರಿಸಲು ಯಾವ ಆರು ಕ್ರಮಸಂಖ್ಯೆಗಳು ಬೇಕು?